ಮೊಲಕ್ಕೊಂದು ರೈಫಲ್ಲು, ಕಾವಲಿಗೊಂದು ಪಾಲು

ಮೊದಲ ಬಂದೂಕು ಕೊಳ್ಳಲು ಬಂದವರ ಕೈ ನೇರವಾಗಿ ತಪ್ಪು ಬಂದೂಕಿನ ಕಡೆಗೇ ಹೋಗುತ್ತದೆ. ಇಷ್ಟು ವರ್ಷ ಅಂಗಡಿಯಲ್ಲಿ ಕೂತು ನಾನು ಕಂಡದ್ದು ಇದನ್ನೇ. ಉದ್ದದ್ದು, ಹೊಳೆಯುವುದು, ಮರದ ಹಿಡಿಯಲ್ಲಿ ಹೂಬಳ್ಳಿ ಕೆತ್ತಿರುವುದು, ಅದೇ ಬೇಕು. "ಏನು ಹೊಡೀಬೇಕು ಇದರಲ್ಲಿ?" ಅಂತ ಕೇಳಿದರೆ ನಮ್ಮ ಮುಖ ನೋಡುತ್ತಾರೆ. ಆ ಪ್ರಶ್ನೆ ಅವರಿಗೆ ಹೊಳೆದೇ ಇರುವುದಿಲ್ಲ.

ಈಗ ಈ ವ್ಯಾಪಾರಕ್ಕೆ ಇಳಿದಿರುವ ಹುಡುಗರು ನನ್ನ ಹತ್ತಿರ ಬಂದು, "ಅಣ್ಣಾ, ಯಾವ ಮಾಲು ಇಟ್ಕೊಂಡ್ರೆ ಓಡುತ್ತೆ?" ಅಂತಾರೆ. ಮಾಲು ಓಡಿಸೋದು ಆಮೇಲಿನ ಮಾತು ಕಣ್ರಯ್ಯಾ. ಮುಂದೆ ನಿಂತವರ ಭುಜ ಎಷ್ಟಗಲ, ತೋಳು ಎಷ್ಟುದ್ದ, ಹೊಲ ಎಲ್ಲಿದೆ, ಹೊಲಕ್ಕೆ ಬರೋ ಪ್ರಾಣಿ ಯಾವುದು, ಇಷ್ಟನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಬಟ್ಟೆ ಹೊಲಿಯುವವನು ಅಳತೆ ತೆಗೆಯದೆ ಕತ್ತರಿ ಹಾಕುತ್ತಾನಾ? ನಾವು ಮಾತ್ರ ಯಾಕೆ ಹಾಕಬೇಕು?

ನಾನು ಜಡಿಗೇನಹಳ್ಳಿಯವನು. ನಮ್ಮ ಮನೆತನಕ್ಕೂ ಬಂದೂಕಿಗೂ ಸಂಬಂಧವಿಲ್ಲ. ನಮ್ಮಪ್ಪ ಹೊಡೆದಿದ್ದರೆ ಬಡಿಗೆಯಲ್ಲಿ ಹಾವು ಹೊಡೆದಿರಬಹುದು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ಯಜಮಾನರ ಬಂದೂಕಿನ ಅಂಗಡಿಗೆ ನಳಿಗೆ ಒರೆಸುವ ಕೆಲಸಕ್ಕೆ ಸೇರಿದವನು ಅಲ್ಲೇ ಕಲಿತು, ಆಮೇಲೆ ದೇವನಹಳ್ಳಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಯಜಮಾನರು ಬೈಗುಳದಲ್ಲಿ ಉದಾರಿ, ಸಂಬಳದಲ್ಲಿ ಬಿಗಿ. ಆದರೆ ಕಲಿಸುವುದರಲ್ಲಿ ಕಳ್ಳತನ ಇರಲಿಲ್ಲ. ಹಳೇ ರೈಫಲ್ಲು ಕೊಳ್ಳುವಾಗ ಏನು ನೋಡಬೇಕು ಅಂತ ಅವರು ನನಗೆ ಹೇಳಿಕೊಟ್ಟದ್ದು ಹೀಗೆ:

"ಲೇ, ಹಿಂದ್ಗಡೆ ಬಾಯಿ ಮುಚ್ಚೋ ಬೋಲ್ಟು ತೆಗಿ. ಹಿಂದ್ಗಡೆ ಬಾಯಿಗೆ ನಿನ್ನ ಹೆಬ್ಬೆಟ್ಟಿನ ಉಗುರು ಹಿಡಿ. ಮುಂದ್ಗಡೆಯಿಂದ ಇಣುಕು. ಉಗುರಿನ ಬೆಳಕು ಬಾವಿ ನೀರಿನ ಥರ ಹೊಳೆದ್ರೆ ಕೊಳ್ಳು. ಕುಂಟೆ ಪಾಚಿ ಥರ ಕಂಡ್ರೆ, ಒಂದು ನಮಸ್ಕಾರ ಹಾಕಿ ಎದ್ದು ಬಾ. ಹೊರಗಡೆ ಪಾಲೀಸು ನೋಡ್ಕೊಂಡು ಬಂದೆ ಅಂದ್ರೆ ಅದೇ ನಳಿಗೇಲಿ ನಿನ್ನ ಬೆನ್ನು ಪಾಲೀಸು ಮಾಡ್ತೀನಿ."

ಯುದ್ಧದ ವರ್ಷಗಳಲ್ಲಿ ಹೊಸ ಮಾಲು ಹಡಗಿನಲ್ಲಿ ಬರುವುದು ನಿಂತುಹೋಗಿತ್ತು. ತೋಟಾಗಳಿಗಂತೂ ಬರಗಾಲ. ಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. ದಂಡಿನ ಬಂಗಲೆಗಳಲ್ಲಿದ್ದ ಬಿಳಿಯರು ಒಬ್ಬೊಬ್ಬರಾಗಿ ಗಂಟು ಕಟ್ಟತೊಡಗಿದರು. ಕುರ್ಚಿ, ಪಿಯಾನೊ, ನಾಯಿ, ಬಂದೂಕು, ಎಲ್ಲಾ ಮಾರಾಟಕ್ಕೆ. ನಮ್ಮಂಥ ಸಣ್ಣ ವ್ಯಾಪಾರಿಗಳಿಗೆ ಅದು ಸುಗ್ಗಿ.

ಹಾಗೆ ಒಂದು ಬಂಗಲೆಗೆ ಹೋಗಿದ್ದೆ. ಒಬ್ಬ ವಯಸ್ಸಾದ ದೊರೆಸಾನಿ, ಮಕ್ಕಳು ಹುಡುಗಾಟದ ವಯಸ್ಸಿನಲ್ಲಿ ಗುರಿ ಕಲಿತ ಸಣ್ಣ ರೈಫಲ್ಲನ್ನು ಮಾರುವುದಕ್ಕೆ ಇಟ್ಟಿದ್ದರು. ನನಗಿಂತ ಮೊದಲು ಬಂದಿದ್ದ ವ್ಯಾಪಾರಿ ಬೆಲೆ ಇಳಿಸುವ ಆಸೆಗೆ, ಮರ ಗೀಚಿದೆ, ಬಣ್ಣ ಹೋಗಿದೆ, ಇದು ಆಟದ ಸಾಮಾನು ಅಂತ ಹಳಿದಿದ್ದ. ಆಕೆ ಅವನನ್ನು ಗೇಟಿನಿಂದಾಚೆ ಕಳಿಸಿದ್ದರು. ನಾನು ಹಳಿಯಲಿಲ್ಲ. "ಈ ಗೀರು ಯಾರು ಮಾಡಿದ್ದು ಅಮ್ಮಾ?" ಅಂತ ಮಾತ್ರ ಕೇಳಿದೆ. ಅವರು ಚಹಾ ತರಿಸಿದರು. ದೊಡ್ಡ ಮಗ ಮರದಿಂದ ಬಿದ್ದ ಕತೆ, ಚಿಕ್ಕವನು ಕಿಟಕಿ ಗಾಜು ಒಡೆದ ಕತೆ, ಎಲ್ಲಾ ಹೇಳಿದರು. ಕೊನೆಗೆ ಅವರೇ ಬೆಲೆ ಇಳಿಸಿದರು. ಕೊಳ್ಳುವಾಗ ಮಾಲನ್ನು ಹಳಿಯಬೇಡಿ. ಮನೆಯಲ್ಲಿ ಬಳಸಿದ ವಸ್ತುವನ್ನು ಹಳಿದರೆ ಮನೆಯವರನ್ನೇ ಹಳಿದ ಹಾಗೆ ಆಗುತ್ತದೆ. ಸುಮ್ಮನೆ ಕಿವಿ ಕೊಡಿ. ಚೌಕಾಸಿಯಲ್ಲಿ ಅರ್ಧ ಕೆಲಸ ಕಿವಿಯದು.

ಮನೆಗೆ ತಂದು ನೋಡಿದರೆ ನಳಿಗೆ ಒಳಗೆ ಬಾವಿ ನೀರು. ಹೊರಗೆ ಮಾತ್ರ ಕುರೂಪಿ. ಇಪ್ಪತ್ತೆರಡು ಬೋರಿನದು, ಒಂದು ಸಲಕ್ಕೆ ಒಂದೇ ತೋಟಾ. ಮಕ್ಕಳ ತೋಳಿಗೆಂದು ಮಾಡಿದ್ದರಿಂದ ಹಿಡಿ ಗಿಡ್ಡ. ಅಂಗಡಿಯಲ್ಲಿ ಇಟ್ಟೆ. ತಿಂಗಳುಗಟ್ಟಲೆ ಯಾರೂ ಅದನ್ನು ಕಣ್ಣೆತ್ತಿ ನೋಡಲಿಲ್ಲ. ಪಕ್ಕದಲ್ಲೇ ಇನ್ನೊಂದು ಇತ್ತು: ಅದೇ ಬೋರು, ಆದರೆ ಐದು ತೋಟಾ ತುಂಬುವ ಡಬ್ಬಿ, ಕೆತ್ತನೆ, ತೊಗಲಿನ ಪಟ್ಟಿ. ಬಂದವರೆಲ್ಲ ಅದನ್ನೇ ಮುಟ್ಟುವರು, ಬೆಲೆ ಕೇಳಿ ಕೈ ಹಿಂದಕ್ಕೆ ಎಳೆಯುವರು.

ಒಂದು ಸಂತೆಯ ದಿನ ನಮ್ಮ ತಾಲ್ಲೂಕಿನದೇ ಆದ ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿಯಿಂದ ಇಬ್ಬರು ಬಂದರು. ಮುಂದೆ ಅಪ್ಪಯ್ಯಣ್ಣ ಅನ್ನುವ ದಪ್ಪ ಮೀಸೆಯ ಗೌಡ. ಹಿಂದೆ ಅವನ ತೀರಿಕೊಂಡ ತಮ್ಮನ ಹೆಂಡತಿ ಪಿಳ್ಳಮ್ಮ. ತೆಳ್ಳಗಿನ ಹೆಂಗಸು, ಕೈ ಮಾತ್ರ ಗುದ್ದಲಿ ಹಿಡಿದು ಗಟ್ಟಿಯಾದದ್ದು.

"ಸಾವ್ಕಾರ್ರೇ, ಒಂದು ಭಾರಿ ಬಂದೂಕು ತೋರ್ಸಿ," ಅಂದ ಅಪ್ಪಯ್ಯಣ್ಣ. "ನಮ್ಮ ತಮ್ಮನ ಹೆಂಡ್ರು ಸಿಪಾಯಿ ಆಗ್ತಾರಂತೆ."

"ಸಿಪಾಯಿ ಆಗಾಕಲ್ಲಣ್ಣ," ಅಂದಳು ಆಕೆ ನನ್ನ ಕಡೆ ತಿರುಗಿ. "ಮೊಲ ಹೊಡೆಯಾಕೆ."

ವಿಷಯ ಇಷ್ಟು. ಆ ಕಡೆ ಹಳ್ಳಿಗಳಲ್ಲಿ ಕಾವಲು ಪಾಲು ಅಂತ ಒಂದು ಪದ್ಧತಿ ಇತ್ತು. ಊರಿನಲ್ಲಿ ಲೈಸೆನ್ಸಿನ ಬಂದೂಕು ಯಾರಲ್ಲಿದೆಯೋ ಅವನು ಅಕ್ಕಪಕ್ಕದ ಹೊಲ ತೋಟ ಕಾಯುತ್ತಾನೆ; ಫಸಲು ಬಂದಾಗ ಅದರಲ್ಲಿ ಒಂದು ಪಾಲು ಅವನದು. ಅಪ್ಪಯ್ಯಣ್ಣನ ಮನೆಯಲ್ಲಿ ತಾತನ ಕಾಲದ, ಬಾಯಲ್ಲಿ ಮದ್ದು ತುಂಬಿ ಗಜದ ಕಡ್ಡಿಯಲ್ಲಿ ಗಿಡಿಯುವ ನಾಡಬಂದೂಕು ಇತ್ತು. ತಮ್ಮ ಇರುವ ತನಕ ಪಾಲಿನ ಮಾತು ಮನೆಯೊಳಗೆ ಬರಲಿಲ್ಲ. ತಮ್ಮ ಹೋದ ಮೇಲೆ ಪಿಳ್ಳಮ್ಮನ ಭಾಗದ ಸೀಬೆ ತೋಟಕ್ಕೂ ಪಾಲು ಶುರುವಾಯಿತು. ಆಕೆ ಕೊಟ್ಟುಕೊಂಡು ಬಂದಳು. ಆಮೇಲೆ ಒಂದು ತುಂಡು ಬೀಳು ಅಗೆದು, ಬಾವಿಯಿಂದ ನೀರು ಹೊತ್ತು, ಚಕ್ಕೋತ ಸಸಿ ನೆಟ್ಟಳು. ಮೊಲಗಳು ಬಂದು ಎಳೆ ಸಸಿಯ ತೊಗಟೆ ಸುತ್ತ ಕೆರೆದು ತಿಂದವು. ಸುತ್ತ ತೊಗಟೆ ಹೋದ ಸಸಿ ಉಳಿಯುವುದಿಲ್ಲ. ಅಪ್ಪಯ್ಯಣ್ಣನ ನಾಡಬಂದೂಕಿಗೆ ಮೊಲ ಸಿಕ್ಕುತ್ತಿರಲಿಲ್ಲ. ಸಿಕ್ಕಿದ ದಿನ ಅದರ ಸೀಸದ ರವೆ ಹರಡಿ ಸಸಿಗೂ ತಗಲುತ್ತಿತ್ತು. ಹೀಗಿದ್ದೂ ಅವನು, ಚಕ್ಕೋತ ಫಲಕ್ಕೆ ಬರುವುದು ತಡ, ಅಲ್ಲೀತನಕ ಕಾಯುವ ನನಗೆ ಪಾಲು ಎಲ್ಲಿಂದ, ಆ ತುಂಡು ನೆಲದಲ್ಲೇ ಅರ್ಧ ನನ್ನ ಹೆಸರಿಗೆ ಮಾಡು ಅಂತ ಹಿಡಿದಿದ್ದ.

ತಾಲ್ಲೂಕಿನ ಅಮಲ್ದಾರರು ಊರೂರಿಗೆ ಬಂದು ನಡೆಸುವ ಕ್ಯಾಂಪಿಗೆ ಆಕೆ ಹೋಗಿ ತನಗೇ ಒಂದು ಬಂದೂಕಿನ ಲೈಸೆನ್ಸು ಬೇಕು ಅಂತ ಕೇಳಿದ್ದಳು. ಅಮಲ್ದಾರರು ಕೊಟ್ಟರು, ಆದರೆ ಕೊಕ್ಕೆ ಹಾಕಿ: ಮುಂದಿನ ಕ್ಯಾಂಪಿಗೆ ಬಂದೂಕು ತಂದು, ತಾನೇ ಹೊಡೆದು ತೋರಿಸಬೇಕು. ಇಲ್ಲವಾದರೆ ಲೈಸೆನ್ಸು ರದ್ದು. ರದ್ದಾದರೆ ಸಸಿ ನೆಟ್ಟ ನೆಲದಲ್ಲಿ ಅರ್ಧ ಹೋದ ಹಾಗೇ. ಇದನ್ನೆಲ್ಲ ಅಪ್ಪಯ್ಯಣ್ಣನೇ ನನಗೆ ಮುಚ್ಚುಮರೆ ಇಲ್ಲದೆ ಹೇಳಿದ. ಅವನಿಗೆ ಅದರಲ್ಲಿ ಅನ್ಯಾಯವೇನೂ ಕಂಡಿರಲಿಲ್ಲ.

ಅವನು ಗೋಡೆಯ ಮೇಲಿದ್ದ ಜೋಡಿ ನಳಿಗೆಯ ದೊಡ್ಡ ಬಂದೂಕನ್ನು ಇಳಿಸಿ ಆಕೆಯ ಕೈಗೆ ಕೊಟ್ಟ. ಆಕೆ ಭುಜಕ್ಕೆ ಏರಿಸಿದಳು. ನಳಿಗೆಯ ಬಾಯಿ ನಿಧಾನವಾಗಿ ನೆಲ ನೋಡಿತು.

"ಭಾವ, ಇದು ಮೊಲ ಹೊಡೆಯಾಕಿಲ್ಲ, ನನ್ನೇ ಹೊಡೀತದೆ."

"ಹಂಗಾದ್ರೆ ಇದು ನೋಡು," ಅಂತ ಅವನು ಐದು ತೋಟಾದ ಕೆತ್ತನೆ ರೈಫಲ್ಲಿಗೆ ಕೈ ಹಾಕಿದ. "ಮದುವಣಗಿತ್ತಿ ಇದ್ದಂಗೈತೆ!"

ಅದನ್ನು ಮಾರಿದ್ದರೆ ನನಗೆ ಒಳ್ಳೇ ಲಾಭ. ಆದರೆ ಹುಡುಗರೇ, ಇಲ್ಲಿ ಕೇಳಿ. ಹೊಸಬರ ಕೈಗೆ ಐದು ತೋಟಾದ ರೈಫಲ್ಲು ಕೊಟ್ಟರೆ, ಒಂದು ಹೊಡೆದ ಮೇಲೆ ಒಳಗೆ ಇನ್ನೊಂದು ಇದೆಯೋ ಇಲ್ಲವೋ ಮರೆಯುತ್ತಾರೆ. ಮರೆತ ತೋಟಾದಷ್ಟು ಅಪಾಯ ಇನ್ನೊಂದಿಲ್ಲ. ಐದು ಇವೆಯಲ್ಲಾ ಅಂತ ಗುರಿ ನೋಡದೆ ಉಡಾಯಿಸುತ್ತಾರೆ. ಒಂದೇ ತೋಟಾದ್ದಾದರೆ ಪ್ರತಿ ಸಲವೂ ಕೈಯಲ್ಲಿ ಹಾಕಬೇಕು. ಹಾಕಿದ್ದು ಗೊತ್ತಿರುತ್ತದೆ, ಗುರಿ ಹಿಡಿಯುವ ತಾಳ್ಮೆ ತಾನಾಗಿ ಬರುತ್ತದೆ. ಕೆಡುವ ಭಾಗಗಳೂ ಕಡಿಮೆ. ಇನ್ನೊಂದು ಮಾತು: ಕೈಯಲ್ಲಿರುವ ದುಡ್ಡನ್ನೆಲ್ಲ ಬಂದೂಕಿಗೆ ಸುರಿಯಬಾರದು. ಅಗ್ಗದ ಒಳ್ಳೇ ರೈಫಲ್ಲು ಕೊಂಡು ಉಳಿದದ್ದಕ್ಕೆ ಅಭ್ಯಾಸದ ತೋಟಾ ಕೊಳ್ಳಬೇಕು.

ನಾನು ಕುರೂಪಿಯನ್ನು ಇಳಿಸಿ ಆಕೆಗೆ ಕೊಟ್ಟೆ. ಗಿಡ್ಡ ಹಿಡಿ ಆಕೆಯ ಭುಜಕ್ಕೆ ಅಳೆದು ಮಾಡಿದ ಹಾಗೆ ಕೂತಿತು. ನಳಿಗೆ ಅಲುಗಲಿಲ್ಲ.

ಅಪ್ಪಯ್ಯಣ್ಣ ನಕ್ಕ. "ಇದೇನ್ ಗುರುವೇ, ಜಾತ್ರೆ ಗೊಂಬೆ! ಇದರ ತೂತಿಗೆ ನನ್ನ ಕಿರುಬೆಳ್ಳೂ ಹೋಗಾಕಿಲ್ಲ. ಇದರಲ್ಲಿ ಹಂದಿ ಬೀಳ್ತದಾ?"

"ಬೀಳಲ್ಲ," ಅಂದೆ. "ಹಂದಿಗೆ ಇದರಲ್ಲಿ ಹೊಡೆದ್ರೆ ಸಾಯಲ್ಲ, ಸಿಟ್ಟಾಗುತ್ತೆ. ಇದು ಮೊಲಕ್ಕೆ, ಹೆಗ್ಗಣಕ್ಕೆ. ಆಕೆ ಕೇಳಿದ್ದೂ ಮೊಲಕ್ಕೇ."

ಪಿಳ್ಳಮ್ಮ ಬೆಲೆ ಕೇಳಿದಳು. ಹೇಳಿದೆ. ಇಳಿಸಿ ಅನ್ನುತ್ತಾಳೆ ಅಂತ ಇಳಿಸುವುದಕ್ಕೆ ಜಾಗ ಇಟ್ಟುಕೊಂಡೇ ಹೇಳಿದ್ದೆ. ಆಕೆ ಅನ್ನಲಿಲ್ಲ.

"ಬೆಲೆ ನೀವು ಹೇಳಿದ್ದೇ ಇರ್ಲಿ. ಕಲ್ಸೋದಕ್ಕೆ ಏನ್ ತಗೊಳ್ತೀರಿ?"

"ಅದಕ್ಕೇನಮ್ಮ ತಗೊಳ್ಳೋದು? ಎರಡು ಮಾತು ಹೇಳ್ಕೊಡ್ತೀನಿ, ಸುಮ್ನೆ."

"ಎರಡು ಮಾತಲ್ಲಣ್ಣ. ನನಗೆ ಬರೋಗಂಟ. ಸಂತೆ ಸಂತೆಗೂ ಬರ್ತೀನಿ. ಸುಮ್ನೆ ಅಂತ ನೀವೇ ಅಂದ್ರಿ."

ಅಂಗಡಿ ಹಾಕಿದ ಮೇಲೆ ನನ್ನನ್ನು ಅಷ್ಟು ಸಲೀಸಾಗಿ ಯಾರೂ ಕಟ್ಟಿಹಾಕಿರಲಿಲ್ಲ.

ಹಾಗೆ ಸಂತೆ ಸಂತೆಗೂ, ಊರಾಚೆ ನೀರಿಲ್ಲದ ಕುಂಟೆಯೊಂದರ ದಂಡೆಗೆ ಗುರಿ ಇಟ್ಟು ಕಲಿಸಿದೆ. ಆಕೆ ಬೇಗ ಕಲಿತಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಕುದುರೆ ಎಳೆಯುವಾಗ ಎರಡೂ ಕಣ್ಣು ಮುಚ್ಚುತ್ತಿದ್ದಳು. ಕುದುರೆ ಅಂದರೆ ಬೆರಳಲ್ಲಿ ಎಳೆಯುವ ಕೊಕ್ಕೆ. ಹೆಸರು ಕೇಳಿದ ದಿನ ಆಕೆ, "ಕುದುರೆ ಅಂತೀರಿ, ಒದೆಯೋದೂ ಇಲ್ಲ ಇದು," ಅಂದಳು. ಸಣ್ಣ ಬೋರಿನ ಗುಣವೇ ಅದು. ಒದೆತ ಇಲ್ಲ, ದೊಡ್ಡ ಸದ್ದಿಲ್ಲ. ಹೆದರಿಕೆ ಬೇಗ ಬಿಡುತ್ತದೆ. ಹೆದರಿಕೆ ಬಿಟ್ಟ ಮೇಲೆ ಕಣ್ಣು ತೆರೆಯಿತು. ಗುರಿ ಒಂದು ಅಂಗೈ ಅಗಲಕ್ಕೆ ಬಂತು. ಅಲ್ಲಿಂದ ಮುಂದಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸುಧಾರಿಸಿತು.

ಗುರಿಗಿಂತ ಹೆಚ್ಚು ಹೊತ್ತು ನಾನು ಇನ್ನೊಂದನ್ನು ಹೇಳಿದ್ದೆ. ನಾಡಬಂದೂಕಿನ ರವೆ ಒಂದಷ್ಟು ದೂರ ಹೋಗಿ ಉದುರಿಹೋಗುತ್ತದೆ. ಈ ಪುಟ್ಟ ಗುಂಡು ಹಾಗಲ್ಲ, ತಡೆಯುವುದು ಏನೂ ಇಲ್ಲದಿದ್ದರೆ ಮೈಲಿ ದಾಟಿ ಹೋಗುತ್ತದೆ. ಮೊಲ ಕಂಡರೆ ಸಾಲದು, ಮೊಲದ ಹಿಂದೆ ಏನಿದೆ ಅಂತ ಕಾಣಬೇಕು. ಮಣ್ಣು ಕಂಡರೆ ಹೊಡಿ, ಬಯಲು ಕಂಡರೆ ಬಿಡು. ಸಣ್ಣ ಬೋರು ಅಂತ ಸದರ ಮಾಡಿ, ಮರದ ತುದಿಯಲ್ಲಿ ಕೂತ ಗಿಳಿಗೆ ಹೊಡೆದು ಪಕ್ಕದೂರಿನವರ ಎತ್ತಿಗೆ ತಗಲಿಸಿದವರನ್ನು ನಾನು ಬಲ್ಲೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿದ್ದೆ. ಈ ಸಣ್ಣ ತೋಟಾದ ಸಿಡಿಮದ್ದು ಇರುವುದು ಹಿಂಭಾಗದ ಅಂಚಿನಲ್ಲಿ. ಬಂದೂಕಿನ ಒಳಗಿನ ಸೂಜಿ ಆ ಅಂಚಿಗೇ ಬಡಿಯುತ್ತದೆ. ಒಳಗೆ ತೋಟಾ ಇಲ್ಲದೆ ಕುದುರೆ ಎಳೆದರೆ ಸೂಜಿ ಹೋಗಿ ತೋಟಾ ಕೂರುವ ಗೂಡಿನ ಅಂಚಿಗೆ ಬಡಿಯುತ್ತದೆ. ಒಂದೆರಡು ಸಲಕ್ಕೆ ಏನೂ ಆಗದು. ಊರೆಲ್ಲ ಎಳೆದರೆ ಅಂಚು ಒಳಕ್ಕೆ ಬಾಗಿ, ತೋಟಾ ಒಳಗೇ ಹೋಗುವುದಿಲ್ಲ. ಊರೆಲ್ಲ ಯಾಕೆ ಎಳೆಯುತ್ತಾರೆ ಅಂತೀರಾ? ನಮ್ಮ ಕಡೆ ಹೊಸ ಬಂದೂಕು ಬಂದರೆ ಜಗಲಿಯ ಮೇಲೆ ಕಂಬಳಿ ಹಾಸಿ, ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡಿ, ಊರಿನ ಹಿರಿಯರೆಲ್ಲ ಒಬ್ಬೊಬ್ಬರಾಗಿ ಕೈಗೆ ತಗೊಂಡು ಒಂದು ಸಲ ಕುದುರೆ ಎಳೆದು ಹರಸಬೇಕು. ಕೈ ಮುಟ್ಟಿಸುವುದು ಅಂತಾರೆ. ನಾಡಬಂದೂಕಿಗೆ ಅದರಿಂದ ಏನೂ ಆಗುತ್ತಿರಲಿಲ್ಲ.

"ಬೇಡ ಅಂತ ಹೆಂಗ್ ಹೇಳ್ಲಣ್ಣ ಹಿರೇರಿಗೆ?" ಅಂದಳು ಪಿಳ್ಳಮ್ಮ.

"ಹೇಳಬೇಡ. ಇಕೋ, ಈ ಸುಟ್ಟ ಖಾಲಿ ತೋಟಾ ಒಳಗೆ ಹಾಕಿಡು. ಸೂಜಿ ಇದಕ್ಕೆ ಬಡೀತದೆ, ಗೂಡಿಗೆ ಬಡಿಯಲ್ಲ. ಅವರ ಪದ್ಧತಿ ಅವರಿಗೆ, ನಿನ್ನ ಬಂದೂಕು ನಿನಗೆ."

ಕ್ಯಾಂಪಿನ ದಿನ ಬೆಳಗ್ಗೆಯೇ ನಾನು ಅವರೂರಿಗೆ ಹೋದೆ. ಮಾರಿದವನು ಎದುರಿಗಿದ್ದರೆ ಒಳ್ಳೆಯದು ಅಂತ ಆಕೆ ಹೇಳಿಕಳಿಸಿದ್ದಳು. ಹೋಗಿ ನೋಡಿದರೆ ಮನೆ ಮುಂದೆ ಕಂಬಳಿ ಇನ್ನೂ ಹಾಸಿಯೇ ಇದೆ, ನಿಂಬೆಹಣ್ಣು, ಹೂವು. ಹಿಂದಿನ ದಿನ ಕೈ ಮುಟ್ಟಿಸಿದ್ದಾರೆ. ಪಿಳ್ಳಮ್ಮ ಬಂದೂಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಣ್ಣ, ತೋಟಾ ಹೋಯ್ತಾ ಇಲ್ಲ."

"ಖಾಲಿ ತೋಟಾ ಹಾಕಿರಲಿಲ್ವಾ?"

"ಹಾಕಿದ್ದೆ." ಆಕೆ ಒಳಗಡೆ ನೋಡಿದಳು. ಕತ್ತಲ ಮೂಲೆಯಿಂದ ಆಕೆಯ ಅತ್ತೆಯ ಗಂಟಲು ಕೇಳಿಸಿತು:

"ಎಂಜಲು ತೋಟಾ ಇಟ್ಟು ಪೂಜೆ ಮಾಡ್ತಾರಾ ಯಾರಾದ್ರೂ? ಸುಟ್ಟು ಮೈಲಿಗೆ ಆದದ್ದು! ನಾನೇ ತೆಗೆಸಿ ತಿಪ್ಪೆಗೆ ಹಾಕ್ಸಿದೆ. ನಿನ್ನ ಬಂದೂಕಿಗೆ ದೇವ್ರು ಒಲಿಯೋದು ಬ್ಯಾಡ್ವಾ?"

ಮುದುಕಿಯ ಮೇಲೆ ಕೋಪ ಮಾಡುವಂತಿರಲಿಲ್ಲ. ಆಕೆ ಸೊಸೆಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಎಷ್ಟು ಜನ ಎಳೆದರು ಅಂತ ಕೇಳಿದೆ. "ಯಾರು ಎಳೀಲಿಲ್ಲ ಅಂತ ಕೇಳಿ," ಅಂದಳು ಪಿಳ್ಳಮ್ಮ. ಸದ್ದು ಇಂಪಾಗಿದೆ ಅಂತ ಒಬ್ಬೊಬ್ಬರು ಮತ್ತೆ ಮತ್ತೆ ಎಳೆದಿದ್ದರು.

ನೋಡಿದೆ. ಗೂಡಿನ ಅಂಚು ಒಂದು ಕಡೆ ಒಳಕ್ಕೆ ಬಾಗಿತ್ತು. ತೋಟಾ ಮುಕ್ಕಾಲು ಹೋಗಿ ನಿಲ್ಲುತ್ತಿತ್ತು. ಇದಕ್ಕೆ ಬೇಕಾದ ಚೂಪಾದ ನುಣುಪು ಉಕ್ಕಿನ ಉಪಕರಣ ದೇವನಹಳ್ಳಿಯಲ್ಲಿ ಅಂಗಡಿಯ ಪೆಟ್ಟಿಗೆಯಲ್ಲಿ. ಅಮಲ್ದಾರರ ಜೀಪು ಆಗಲೇ ಚಾವಡಿ ಮುಂದೆ. ಅರದಿಂದ ಉಜ್ಜಿದರೆ ಅಂಚು ತಿಂದುಹೋಗಿ ರೈಫಲ್ಲೇ ಕೆಡುತ್ತದೆ. ಅಂಥ ಅವಸರದ ಕೆಲಸ ಯಾರೂ ಯಾವತ್ತೂ ಮಾಡಬೇಡಿ. ಬಾಗಿದ್ದನ್ನು ಒತ್ತಿ ಹಿಂದಕ್ಕೆ ಕೂರಿಸಬೇಕು, ಅಷ್ಟೆ. ಸುತ್ತ ನೋಡಿದೆ. ಜಗಲಿಯ ಕೊನೆಯಲ್ಲಿ ನೂಲುವ ರಾಟೆ ಇತ್ತು.

"ಅಮ್ಮಾ, ರಾಟೆಯ ಕದಿರು ಕೊಡಿ."

"ಕದಿರಾ? ನೂಲ್ತೀಯೇನಪ್ಪಾ ಈಗ?" ಅಂದಳು ಅತ್ತೆ. ಆದರೂ ಬಿಚ್ಚಿ ತಂದು ಕೊಟ್ಟಳು.

ಕದಿರು ಅಂದರೆ ದಾರ ಸುತ್ತುವ ಉಕ್ಕಿನ ಕಡ್ಡಿ. ತುದಿ ಚೂಪು, ಮುಂದೆ ಹೋದಂತೆ ದಪ್ಪ, ವರ್ಷಗಟ್ಟಲೆ ನೂಲು ಉಜ್ಜಿ ಕನ್ನಡಿಯಷ್ಟು ನುಣುಪು. ಎಣ್ಣೆ ಸವರಿ ಗೂಡಿನೊಳಗೆ ಇಟ್ಟು, ಬಾಗಿದ ಕಡೆಗೆ ಒತ್ತುತ್ತಾ ತಿರುಗಿಸಿದೆ. ತೋಟಾ ಹಾಕಿ ನೋಡಿದೆ, ಇಲ್ಲ. ಮತ್ತೆ ತಿರುಗಿಸಿದೆ. ಚಾವಡಿಯಿಂದ ತಳವಾರ ಕೂಗಿದ. ಮತ್ತೆ ಹಾಕಿ ನೋಡಿದೆ. ಬೆರಳಲ್ಲಿ ಒತ್ತಿದರೆ ಬಿಗಿಯಾಗಿ ಒಳಗೆ ಕೂತಿತು. ಹೊಡೆಯುತ್ತದೆ ಅನ್ನಿಸಿತು. ಹೊಡೆದು ನೋಡುವುದಕ್ಕೆ ಸಮಯ ಇರಲಿಲ್ಲ.

ಕೆರೆ ಏರಿಯ ಕೆಳಗೆ, ಲೈಸೆನ್ಸಿನ ತಪಾಸಣೆಗೆ, ಬಂದೂಕಿನವರೆಲ್ಲ ಸಾಲು ನಿಂತಿದ್ದರು. ಏರಿಯ ನೆತ್ತಿಯ ಮೇಲೆ ಒಂದು ಗಡಿಗೆ. ಮೊದಲು ಅಪ್ಪಯ್ಯಣ್ಣ ಮತ್ತು ಪಕ್ಕದೂರುಗಳ ನಾಡಬಂದೂಕಿನವರು ಹೊಡೆದರು. ಢಂ ಅಂತ ಸದ್ದು, ಮೋಡದಷ್ಟು ಹೊಗೆ. ಗಡಿಗೆ ಕೆಲವರಿಗೆ ಒಡೆಯಿತು, ಕೆಲವರಿಗೆ ಇಲ್ಲ. ಹೊಸ ಗಡಿಗೆ ಇಟ್ಟರು. ಅಮಲ್ದಾರರು ಬಿಸಿಲಿಗೆ ಬೇಸತ್ತ ದನಿಯಲ್ಲಿ, "ಹೂಂ, ಬಾಮ್ಮ," ಅಂದರು.

ಪಿಳ್ಳಮ್ಮ ತೋಟಾ ಹಾಕಿದಳು. ಭುಜಕ್ಕೆ ಏರಿಸಿದಳು. ಆಮೇಲೆ ಇಳಿಸಿಬಿಟ್ಟಳು.

"ಯಾಕಮ್ಮ?"

"ಗಡಿಗೆ ಹಿಂದೆ ಏನೈತೆ ಕಾಣಾಕಿಲ್ಲ ಸ್ವಾಮಿ."

"ಗಡಿಗೆ ಕಾಣುತ್ತಲ್ಲ?"

"ಗಡಿಗೆ ಕಾಣ್ತದೆ. ಅದರ ಹಿಂದೆ ಬರೀ ಬಯಲು. ತಪ್ಪಿದ್ರೆ ಏರಿ ಆಚೆ ಹೋಗ್ತದೆ."

"ತಪ್ಪೋದು ಅವ್ಳಿಗೇ ಗೊತ್ತಾಗೋಗೈತೆ ಕಣ್ರಲಾ!" ಅಂತ ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಅಪ್ಪಯ್ಯಣ್ಣನೂ ನಕ್ಕ.

ಅಮಲ್ದಾರರಿಗೆ ರೇಗಿತು. "ಇಷ್ಟು ಜನ ಹಾಗೇ ಹೊಡೆದರಲ್ಲಮ್ಮ. ನಿನಗೊಬ್ಬಳಿಗೆ ಬೇರೆ ಕಾನೂನಾ? ಹೊಡೆಯೋಕೆ ಬರುತ್ತಾ, ಬರಲ್ವಾ, ಅಷ್ಟು ಹೇಳು."

"ಅವರದ್ದು ರವೆ ಸ್ವಾಮಿ, ಅಲ್ಲೇ ಉದುರ್ತದೆ. ಇದರ ಗುಂಡು ಹೋಗ್ತಾನೇ ಇರ್ತದೆ. ಗಡಿಗೆ ಕೆಳಗಿಡಿಸಿ, ಹೊಡೀತೀನಿ. ಮ್ಯಾಲಿದ್ರೆ ಹೊಡೆಯಾಕಿಲ್ಲ." ಆಕೆ ನಳಿಗೆಯ ಬಾಯಿ ನೆಲಕ್ಕೆ ಹಿಡಿದಳು. "ಲೈಸನ್ಸು ಹೋದ್ರೂ ಹೊಡೆಯಾಕಿಲ್ಲ."

ನಾನು ಬಾಯಿ ತೆರೆಯಬೇಕೆಂದಿದ್ದವನು ಸುಮ್ಮನಾದೆ. ಗಿರಾಕಿ ತಾನೇ ಸರಿಯಾಗಿ ಮಾತಾಡುವಾಗ ವ್ಯಾಪಾರಿ ನಡುವೆ ಬಾಯಿ ಹಾಕಬಾರದು. ಅಮಲ್ದಾರರೇ ನನ್ನ ಕಡೆ ತಿರುಗಿ, "ಏನ್ರೀ, ನಿಜವಾ?" ಅಂದರು. "ಮೈಲಿ ದಾಟುತ್ತೆ ಸ್ವಾಮಿ," ಅಂದೆ.

ಅವರು ತಳವಾರನನ್ನು ಏರಿ ಹತ್ತಿಸಿದರು. ಅವನು ಮೇಲೆ ನಿಂತು ಆ ಕಡೆ ನೋಡಿ ಕೂಗಿದ: "ಬಟ್ಟೆ ಒಗೀತಾವ್ರೆ ಬುದ್ಧೀ! ಆಚೆ ದಂಡೇಲಿ ಒಂದಷ್ಟು ಜನ ಅವ್ರೆ. ಗಾಡೀನೂ ನಿಂತೈತೆ."

ಅಮಲ್ದಾರರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಅಪ್ಪಯ್ಯಣ್ಣನ ನಗು ನಿಂತಿತ್ತು. ಅವನ ಹೆಂಡತಿಯೂ ಬಟ್ಟೆ ಒಗೆಯಲು ಹೋಗಿದ್ದಳೆಂದು ಆಮೇಲೆ ಗೊತ್ತಾಯಿತು.

ಗಡಿಗೆಯನ್ನು ಏರಿಯ ಬುಡಕ್ಕೆ, ಮಣ್ಣಿಗೆ ಒರಗಿಸಿ ಇಟ್ಟರು. ಪಿಳ್ಳಮ್ಮ ಹೊಡೆದಳು. ಪಟ್ ಅಂತ ಸಣ್ಣ ಸದ್ದು. ಗಡಿಗೆಯ ಪಕ್ಕದಲ್ಲಿ ಮಣ್ಣು ಹಾರಿತು. ಈ ಸಲ ಯಾರೂ ನಗಲಿಲ್ಲ.

"ಸಾಕಮ್ಮ," ಅಂದರು ಅಮಲ್ದಾರರು. "ನನಗೆ ಬೇಕಾದ್ದು ಗೊತ್ತಾಯಿತು. ಲೈಸೆನ್ಸು ನಿನ್ನದೇ."

"ನನಗೆ ಸಾಲ್ದು ಸ್ವಾಮಿ," ಅಂತ ಆಕೆ ಇನ್ನೊಂದು ತೋಟಾ ಹಾಕಿ, ನಿಧಾನವಾಗಿ ಉಸಿರು ಬಿಟ್ಟು, ಕುದುರೆ ಎಳೆದಳು. ಗಡಿಗೆ ಕುಸಿದು ಕೂತಿತು.

ಮಧ್ಯಾಹ್ನ ನನ್ನನ್ನು ಬಸ್ಸಿಗೆ ಬಿಡಲು ಬಂದವನು ಅಪ್ಪಯ್ಯಣ್ಣ. ಬಸ್ಸು ನಿಲ್ಲುವ ಜಾಗ ಪಿಳ್ಳಮ್ಮನ ಚಕ್ಕೋತ ಸಸಿಗಳ ಪಕ್ಕದಲ್ಲೇ. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಅದು. ನಿಂತರೆ ಮತ್ತೆ ಹೊರಡಿಸುವುದಕ್ಕೆ ಕಂಡಕ್ಟರು ಒಲೆ ಕೆದಕಿ ಗಾಳಿ ಹಾಕುತ್ತಾ ಇರಬೇಕು. ನಮಗೆ ಮಾತಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು.

"ನಾನೇನ್ ಕೆಟ್ಟೋನಲ್ಲ ಸಾವ್ಕಾರ್ರೇ," ಅಂದ ಅವನು. "ಚಳೀಲಿ ಮಂಚಿಕೆ ಮ್ಯಾಲೆ ಕೂತು ಕಾದೋನು ನಾನು. ಈ ಊರ ಹಂದಿ ನನ್ನ ಸದ್ದು ಕೇಳಿದ್ರೆ ನಂದಿಬೆಟ್ಟ ಸೇರ್ತದೆ. ಈಗ ಅವ್ಳನ್ನ ನೋಡಿ ಎಲ್ರೂ ಒಂದೊಂದು ಗೊಂಬೆ ಬಂದೂಕು ತರ್ತಾರೆ. ನನ್ನ ಯಾರು ಕೇಳ್ತಾರೆ? ನನ್ನ ಬಂದೂಕು ನೀವೇ ತಗೊಂಡ್ಬಿಡಿ. ಏನಾದ್ರೂ ಕೊಡಿ."

ಅಂಥ ಹೊತ್ತಿನಲ್ಲಿ ಬಂದೂಕು ಕೊಳ್ಳಬೇಡಿ. ಅಗ್ಗಕ್ಕೆ ಸಿಕ್ಕುತ್ತದೆ, ನಿಜ. ಆದರೆ ಮನಸ್ಸು ನೊಂದವನು ಮಾರಿದ ಮಾಲಿನ ಹಿಂದೆ ನಾಳೆ ಅವನೇ ಬಂದು ನಿಲ್ಲುತ್ತಾನೆ, ಊರಲ್ಲಿ ನಿಮ್ಮ ಹೆಸರೂ ಕೆಡುತ್ತದೆ.

"ಕೊಳ್ಳಲ್ಲ," ಅಂದೆ. "ಗೌಡ್ರೇ, ಆಕೆ ರೈಫಲ್ಲು ಹಂದಿಗೆ ಆಗಲ್ಲ ಅಂತ ಅಂಗಡೀಲೇ ಹೇಳಿದ್ದೆ. ಸೀಬೆ ಹಣ್ಣಾದಾಗ ಹಂದಿ ಬರ್ತದೋ ಇಲ್ವೋ?"

"ಬರ್ದೆ ಏನು? ಹಿಂಡು ಹಿಂಡು."

"ಮತ್ತೆ? ಹಂದಿ ಕಾವಲು ನೀವು ಮಾಡಿ, ಮೊಲದ ಕಾವಲು ಆಕೆ ಮಾಡ್ತಾಳೆ. ನಿಮ್ಮ ಹೊಲಕ್ಕೂ ಮೊಲ ಬರ್ತದೆ ತಾನೇ? ನೆಲದ ಮಾತು ಬಿಟ್ಟು, ಹಂದಿ ಕಾವಲಿಗೆ ಎಷ್ಟು ಅಂತ ಹೋಗಿ ಕೇಳಿ."

"ಕೇಳೋದಾ?" ಅವನು ನನ್ನನ್ನು ದುರುಗುಟ್ಟಿಕೊಂಡು ನೋಡಿದ. "ನಾನು? ಅವ್ಳನ್ನ?"

"ಹೂಂ. ನಾನೂ ಕೇಳಿಯೇ ಬದುಕಿರೋದು. ಕೇಳಿದ್ರೆ ಏನು ಸವೆಯುತ್ತೆ?"

ಅವನು ಎಲೆಯಡಿಕೆ ಉಗಿದು, ಹೆಗಲ ಮೇಲಿನ ವಲ್ಲಿ ತೆಗೆದು ಕೊಡವಿ, ಮತ್ತೆ ಹಾಕಿಕೊಂಡ. ಬಸ್ಸು ಕೆಮ್ಮಿತು, ನಿಂತಿತು. ಕಂಡಕ್ಟರು ಮತ್ತೆ ಒಲೆಗೆ ಬಗ್ಗಿದ. ನಾನು ಹತ್ತಿ ಕಿಟಕಿ ಪಕ್ಕ ಕೂತೆ. ತಿರುಗಿ ನೋಡುವಷ್ಟರಲ್ಲಿ ಅಪ್ಪಯ್ಯಣ್ಣ ಸಸಿಗಳ ನಡುವೆ ಹೋಗಿ ನಿಂತಿದ್ದ. ಪಿಳ್ಳಮ್ಮ ಒಂದು ಸಸಿಗೆ ಮುಳ್ಳಿನ ಬೇಲಿ ಕಟ್ಟುತ್ತಿದ್ದವಳು ಎದ್ದಳು. ಮಾತು ನನಗೆ ಕೇಳಿಸುತ್ತಿರಲಿಲ್ಲ. ಅವನು ಬೆರಳು ಮಡಚಿ ಏನೋ ಹೇಳಿದ. ಆಕೆ ತಲೆ ಅಲ್ಲಾಡಿಸಿದಳು. ಅವನು ಆಕಾಶಕ್ಕೆ ಕೈ ಎತ್ತಿ, ತಿರುಗಿ ಹೊರಟವನಂತೆ ಎರಡು ಹೆಜ್ಜೆ ಇಟ್ಟು, ನಿಂತು, ಇನ್ನೊಂದು ಬೆರಳು ಮಡಚಿದ. ಆಕೆ ಮತ್ತೆ ತಲೆ ಅಲ್ಲಾಡಿಸಿ ಬೇಲಿ ಕಟ್ಟಲು ಕೂತಳು. ಅವನು ಹೋಗಲಿಲ್ಲ. ಅಲ್ಲೇ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮುಳ್ಳಿನ ಕೊಂಬೆಯ ಇನ್ನೊಂದು ತುದಿ ಹಿಡಿದುಕೊಂಡು, ಮಾತು ಮುಂದುವರಿಸಿದ. ಬಸ್ಸು ಹೊರಟಾಗಲೂ ಬೆಲೆ ಕುದುರಿರಲಿಲ್ಲ.